ಡಬಲ್ ಡೆಕ್ಕು

ಎಣ್ಣೆಗಿಂತ ಮೊದಲು ಜಗಳ ಕಾದಿತ್ತು.
ತೊಂಬತ್ತರಿಂದ ತೊಂಬತ್ತೊಂಬತ್ತು, ಆ ಹತ್ತು ವರ್ಷ
ಯಾರ ಕ್ಯಾಸೆಟ್ಟು ಜಾಸ್ತಿ ಹೋಯ್ತು?
ಕೊಡಗನೂರಿನ ಭಜನೆ ಮೇಳದ್ದೋ,
ದುರ್ಗದ ಜೋಗಿಮಟ್ಟಿ ಪಾರ್ಟಿಯದೋ?

'ಮೇಳದ್ದು ಒಂದು ಲಕ್ಷ' ಅಂದ ಬಕ್ಕೇಶಪ್ಪ.
ಮಿಲ್ಲು ಮುಚ್ಚಿದ ಮೇಲೂ ಅವನ ಬಾಯಿಗೆ ಮೂರು ಪಾಳಿ.
'ಲಕ್ಷ ಎಣಿಸಿದೋರು ಯಾರಪಾ, ನಿಮ್ಮ ಮಾವನಾ?'
ಗಿರ್ಮಿಟ್ಟಿನ ಈರುಳ್ಳಿ ಬದಿಗೆ ತಳ್ಳುತ್ತ ಓಬಳೇಶ ಮೇಷ್ಟ್ರು:
'ಜಗಳೂರು, ಹೊಳಲ್ಕೆರೆ, ಹಿರಿಯೂರು,
ಯಾವ ಬಸ್ ಹತ್ತಿದ್ರೂ ಡ್ರೈವರು ಪಾರ್ಟೀದೇ ಹಾಕ್ತಿದ್ದ.'
'ಬಸ್ಸಲ್ಲಿ ಕೇಳಿದ್ದು ಮಾರಿದ ಲೆಕ್ಕ ಆಗಲ್ಲ ಮೇಷ್ಟ್ರೆ,
ಐವತ್ತು ಜನ ಕೂತಿದ್ರೂ ಕ್ಯಾಸೆಟ್ಟು ಒಂದೇ.'
'ಮತ್ತೆ ನಿಂತೋರು?'
ನಿಂತವರ ಬಗ್ಗೆ ಸ್ವಲ್ಪ ಹೊತ್ತು ನಡೆಯಿತು.

ಆಮೇಲೆ ಜಿಲ್ಲೆ ಬಂತು.
ತೊಂಬತ್ತೇಳರ ಆಗಸ್ಟಿನ ತನಕ
ದಾವಣಗೆರೆಯೂ ದುರ್ಗದ ಜಿಲ್ಲೆಯೇ ತಾನೆ,
ಅಲ್ಲಿಯವರೆಗೆ ಇಲ್ಲಿ ಹೋದದ್ದೆಲ್ಲ ದುರ್ಗದ ಖಾತೆಗೆ
ಎಂದು ಮೇಷ್ಟ್ರು.
ಬಕ್ಕೇಶಪ್ಪನಿಗೆ ಮೆಣಸಿನಕಾಯಿ ನೆತ್ತಿಗೆ ಹತ್ತಿತು.
ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿಕೊಂಡು ಕೇಳಿದ:
'ಹಾಡಿಗೂ ಪಹಣಿ ಮಾಡ್ಸಿದ್ರೇನ್ರೀ?'

ನಾನು ಸುಮ್ಮನೆ ಕೂತಿದ್ದೆ.
ರೈಲ್ವೆ ಗೇಟಿನ ಪಕ್ಕ ನ್ಯಾಮತ್ ಆಡಿಯೋ ಸೆಂಟರಿನಲ್ಲಿ
ಒಂಬತ್ತು ವರ್ಷ ಸ್ಟೂಲು ಹತ್ತಿ
ಇವರಿಬ್ಬರಿಗೂ ಕ್ಯಾಸೆಟ್ಟು ಇಳಿಸಿಕೊಟ್ಟವನು ನಾನು.
ರಾತ್ರಿ ಶಟರ್ ಎಳೆದ ಮೇಲೆ ಒಳಗೆ ಡಬಲ್ ಡೆಕ್ಕು.
ಎಡಗಡೆ ಅಸಲು, ಬಲಗಡೆ ಖಾಲಿ,
ತುಂಬಿಕೊಡಲು ಎಂಟು ರೂಪಾಯಿ.
ಮೇಳ, ಪಾರ್ಟಿ ಎಂಬ ಭೇದವಿಲ್ಲದೆ
ಇಬ್ಬರನ್ನೂ ಒಂದೇ ಕೈಯಲ್ಲಿ ಕದ್ದಿದ್ದೇನೆ.
ಹತ್ತೂವರೆಯ ಗೂಡ್ಸು ಗಾಡಿ ಹೋಗುವಾಗ
ಟೇಬಲ್ಲು ನಡುಗಿ
ಎರಡನೇ ಚರಣ ಒಂಚೂರು ತೊದಲುತ್ತಿತ್ತು.
ಈ ಊರಲ್ಲಿ ಎಷ್ಟೋ ಜನ
ಆ ತೊದಲನ್ನೂ ಗಮಕವೆಂದು ಕಲಿತು
ಇವತ್ತಿಗೂ ಹಾಗೇ ಹಾಡಿಕೊಳ್ಳುತ್ತಾರೆ.
ಕೇಳಿದರೆ ನನಗೆ ಗೊತ್ತಾಗುತ್ತದೆ, ನಮ್ಮ ಅಂಗಡಿಯ ಮಾಲು.

ಇನ್ನು ಮಂಡಕ್ಕಿ ಭಟ್ಟಿಯ ಹೊನ್ನೂರಬ್ಬಿ.
ಮೇಳದ ಮೂರನೇ ಭಾಗ, ಅದೊಂದೇ,
ಹನ್ನೊಂದು ಸಲ ಒಯ್ದಿದ್ದಾಳೆ.
ಭಟ್ಟಿಯ ಕಾವಿಗೆ ರೀಲು ಸುಕ್ಕಾಗಿ
ಕರುಳಿನ ಹಾಗೆ ಹೊರಗೆ ಬರುತ್ತಿತ್ತು.
ಸೆರಗಿನ ತುದಿಯಲ್ಲಿ ಕಟ್ಟಿ ತಂದ ನೋಟಿನಲ್ಲೂ
ಹೊಟ್ಟಿನ ವಾಸನೆ.
'ಬ್ಯಾರೆ ಯಾವುದಾದ್ರೂ ಕೊಡ್ಲಾ?' ಅಂದೆ ಒಮ್ಮೆ.
'ಇದನ್ನೇ ಇನ್ನೂ ಪೂರಾ ಕೇಳಿಲ್ಲಪ್ಪ.
ಮಂಡಕ್ಕಿ ಸಿಡಿಯೋ ಸದ್ದಿನಾಗೆ
ಅರ್ಧ ಹಾಡು ಹಾರಿ ಹೋಗ್ತಾವೆ' ಅಂದಳು.

ಖಾತೆಯಲ್ಲಿ ಹನ್ನೊಂದು.
ಕೇಳಿದವಳು ಒಬ್ಬಳು. ಅದೂ ಅರ್ಧ.
ಹೇಗೆ ಬರೆದುಕೊಳ್ಳಲಿ ಬಕ್ಕೇಶಪ್ಪ?

'ಏ ಸೈಫು, ನೀನು ಅಂಗಡೀಲಿದ್ದೋನು, ನೀನೇ ಹೇಳೋ'
ಎಂದು ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.
ಪಕ್ಕದ ಬೆಂಚಿನವರೂ ಅಗಿಯುವುದು ನಿಲ್ಲಿಸಿದರು.
ನಿಜವನ್ನೇ ಹೇಳಿದೆ.
ಆ ಹತ್ತು ವರ್ಷ ಎಲ್ಲಕ್ಕಿಂತ ಹೆಚ್ಚು ಹೋದದ್ದು
ಖಾಲಿ ಕ್ಯಾಸೆಟ್ಟು.

ನಗಲಿಲ್ಲ.
ಮೇಷ್ಟ್ರು ಕನ್ನಡಕ ತೆಗೆದು ಉಜ್ಜಿದರು.
ಬಕ್ಕೇಶಪ್ಪ ಬಾಣಲೆಯ ಕಡೆ ನೋಡುತ್ತ
ಏನನ್ನೋ ಗುನುಗಿದ,
ಎರಡನೇ ಚರಣಕ್ಕೆ ಬಂದು ತೊದಲಿದ.
ನಾನು ತಲೆ ತಗ್ಗಿಸಿದೆ.

'ಮಿರ್ಚಿ ಎಷ್ಟಾಯ್ತು?' ಅಂದ ಅಂಗಡಿಯ ಹಾಲೇಶಿ.
ಐದು ಅಂದ ಒಬ್ಬ. ಏಳು ಅಂದರು ಇನ್ನೊಬ್ಬರು.
'ಜಗಳ್ಯಾಕೆ, ತೊಟ್ಟು ಎಣಿಸಿದ್ರಾತು.'
ತಟ್ಟೆ ನೋಡಿದೆವು.
ಮೇಷ್ಟ್ರು ತೊಟ್ಟನ್ನೂ ತಿನ್ನುವವರು.